ಹಾರ್ಡಿಂಗ್ ಬೀದಿಯ ಕ್ಯಾರೆಕ್ಟರ್

ಹೆಣ್ಣುಮಕ್ಕಳ ಕ್ಯಾರೆಕ್ಟರ್ ಬಗ್ಗೆ ಮಾತಾಡುವವರನ್ನು ಪಲೇಪಾ ತನ್ನ ಆಯಸ್ಸಿನಲ್ಲಿ ಬೇಕಾದಷ್ಟು ಕಂಡಿದ್ದಳು. ಬೀದಿಯ ಕ್ಯಾರೆಕ್ಟರ್ ಬಗ್ಗೆ ಮಾತಾಡುವವರನ್ನು ಕಂಡದ್ದು ಇದೇ ಮೊದಲು. ಎದುರುಮನೆಯ ಹಿಲರಿ ನಿಂಬೆಹಣ್ಣಿನ ಕೇಕ್ ಹಿಡಿದು ಬಂದು, ಅವಳ ಮುಂದಿನ ಕೋಣೆಯಲ್ಲಿ ಕೂತು, ಕಣ್ಣು ತುಂಬಿಕೊಂಡು ಹೇಳಿದ್ದು ಅದನ್ನೇ.

"ನೋಡಿ ಪಲೇಪಾ, ನಿಮ್ಮ ಬೇಲಿ ಪಕ್ಕ ಚರ್ಚಿನವರು ಏಳು ಮಹಡಿ ಎಬ್ಬಿಸ್ತಾರಂತೆ. ಇಲ್ಲಿ ಮೂರಕ್ಕಿಂತ ಮೇಲೆ ಕಟ್ಟೋ ಹಾಗೇ ಇಲ್ಲ, ನಗರಸಭೆ ಪ್ಲಾನಲ್ಲೇ ಇದೆ. ಎಲ್ಲರಿಗಿಂತ ಹೆಚ್ಚು ನೆರಳು ಬೀಳೋದು ನಿಮ್ಮ ಮನೆ ಮೇಲೆ. ಹಾರ್ಡಿಂಗ್ ಬೀದಿಯ ಕ್ಯಾರೆಕ್ಟರೇ ಹಾಳಾಗಿ ಹೋಗುತ್ತೆ!"

ಮನೆಗೆ ಬಂದವರ ಮಾತನ್ನು ಅವರು ಕೂತಿರುವಾಗಲೇ ಅಲ್ಲಗಳೆಯುವುದು ಪಲೇಪಾಳಂಥ ಸಮೋವಾ ದ್ವೀಪದವರಲ್ಲಿ ಇಲ್ಲ. ಕೇಳಿಸಿಕೊಂಡೆ ಎನ್ನುವುದಕ್ಕೂ ಹೂಂ, ಇನ್ನೊಂದು ಲೋಟ ಟೀ ಕುಡಿಯಿರಿ ಎನ್ನುವುದಕ್ಕೂ ಹೂಂ, ಇನ್ನು ಎದ್ದು ಹೊರಟರೆ ಚೆನ್ನಾಗಿತ್ತು ಎನ್ನುವುದಕ್ಕೂ ಹೂಂ. ಪಲೇಪಾ ಹೂಂ ಅಂದಳು. "ನೀವು ನಮ್ಮ ಜೊತೆಗಿದ್ದೀರಿ ತಾನೇ?" ಎಂದಾಗಲೂ ಹೂಂ ಅಂದಳು. ಹಿಲರಿ ಕಣ್ಣೊರೆಸಿಕೊಂಡು, ಅವಳನ್ನು ಹೊರಗಿನ ಮೆಟ್ಟಿಲ ಮೇಲೆ ದಾಸವಾಳದ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡು ಹೋದಳು. ಫೋಟೋ ಎಂದರೆ ಪಲೇಪಾಳಿಗೆ ಮೊದಲಿನಿಂದಲೂ ಆಸೆ. ಹಲ್ಲು ಕಾಣುವಂತೆ ನಕ್ಕಿದ್ದಳು.

ಆ ಏಳು ಮಹಡಿ ಯಾರಿಗಾಗಿ ಎಂದು ಹಿಲರಿ ಕೇಳಲೇ ಇಲ್ಲ. ಕೇಳಿದ್ದರೆ ಪಲೇಪಾ, ನನ್ನ ತಂಗಿ ಮಲೇಯಾಳಿಗಾಗಿ, ಎನ್ನುತ್ತಿದ್ದಳು.

ಒಂದು ಕಾಲಕ್ಕೆ ಆಕ್ಲೆಂಡಿನ ಈ ಗುಡ್ಡದ ಬೀದಿಗಳು ಯಾರಿಗೂ ಬೇಡವಾಗಿದ್ದವು. ಮಳೆ ಬಂದರೆ ಸೋರುವ ಮರದ ಮನೆಗಳಲ್ಲಿ ದ್ವೀಪದವರೇ ತುಂಬಿಕೊಂಡಿದ್ದರು. ಬೆಳಗಾಗುವ ಮುಂಚೆ ಪೊಲೀಸರು ಬಾಗಿಲು ಬಡಿದು ವೀಸಾ ಕೇಳುತ್ತಿದ್ದ ದಿನಗಳವು. ಆಮೇಲೆ ಅದೇ ಮನೆಗಳು ಅಂದದವೆಂದು ಯಾರಿಗೋ ಹೊಳೆಯಿತು. ಮಾಲೀಕರು ಒಬ್ಬೊಬ್ಬರಾಗಿ ಮಾರಿದರು, ಬಾಡಿಗೆಯವರು ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ, ಊರಾಚೆಗೆ ಹೋದರು. ಪಲೇಪಾಳ ಗಂಡ ಹಟಮಾರಿ, ಕಣ್ಣು ಮುಚ್ಚುವ ಮುಂಚೆ ಮನೆಯನ್ನು ಸ್ವಂತ ಮಾಡಿಕೊಂಡಿದ್ದ. ಹಾಗಾಗಿ ಅವಳು ಉಳಿದಳು. ಎದುರಿಗೇ ಬಾಡಿಗೆಗಿದ್ದ ಮಲೇಯಾ ಹೋಗಬೇಕಾಯಿತು.

ಈಗ ಮಲೇಯಾ ಊರಾಚೆಯ ಪಾಪಕುರಾದಲ್ಲಿ ಮಗನ ಮನೆಯ ಗ್ಯಾರೇಜಿನಲ್ಲಿ ಮಂಚ ಹಾಕಿಕೊಂಡಿದ್ದಳು. ಚರ್ಚಿಗೆ ಬರಬೇಕೆಂದರೆ ರೈಲು ಹತ್ತಿ, ಇಳಿದು, ಮತ್ತೆ ಬಸ್ಸು ಕಾಯಬೇಕು. ಅಕ್ಕನ ಮನೆಗೇ ಬಂದಿರೋಣವೆಂದರೆ ಅಲ್ಲಿ ಮಗ, ಸೊಸೆ, ಸೋಫಾದ ಮೇಲೆ ಸಾಲಾಗಿ ಮಲಗುವ ಮೊಮ್ಮಕ್ಕಳು. "ನಿನ್ನ ಸೊಸೆ ಮುಖ ನೋಡ್ಕೊಂಡಿರೋದಕ್ಕಿಂತ ಗ್ಯಾರೇಜೇ ವಾಸಿ ಕಣಕ್ಕ," ಎಂದು ಮಲೇಯಾ ನಗುತ್ತಿದ್ದಳು. ಅವಳು ಬಿಟ್ಟುಹೋದ ಮನೆಯಲ್ಲಿ ಈಗ ಹಿಲರಿ ಇದ್ದಳು. ಮಲೇಯಾಳ ಮಕ್ಕಳು ಮಲಗುತ್ತಿದ್ದ ಬಿಸಿಲು ಬೀಳುವ ಕೋಣೆಯಲ್ಲಿ ಹಿಲರಿಯ ನಾಯಿ ಮಲಗುತ್ತಿತ್ತು. ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ.

ಇಂಥವರಿಗೆಂದೇ ಚರ್ಚು ತನ್ನ ಕಾರು ನಿಲ್ಲಿಸುವ ಜಾಗದಲ್ಲಿ, ಪಲೇಪಾಳ ಬೇಲಿಯ ಆಚೆಗೇ, ಫ್ಲಾಟುಗಳನ್ನು ಕಟ್ಟಲು ಹೊರಟಿತ್ತು. ಬೀದಿ ಬಿಟ್ಟುಹೋದ ಮುದುಕಿಯರಿಗೆ ಒಂದೊಂದು. ಮಲೇಯಾಳಿಗೆ ಆರನೆಯ ಮಹಡಿ ಎಂದು ಹಿರಿಯರು ಮಾತು ಕೊಟ್ಟಿದ್ದರು. ಇನ್ನು ಬೇಕಾಗಿದ್ದದ್ದು ಎತ್ತರಕ್ಕೆ ಅನುಮತಿ ಒಂದೇ.

ವಾರ ಕಳೆಯುವಷ್ಟರಲ್ಲಿ ಮಲೇಯಾಳ ಫೋನ್ ಬಂತು.

"ಫೋಟೋದಲ್ಲಿ ಹಲ್ಲು ಚೆನ್ನಾಗಿ ಬಂದಿದೆ ಅಕ್ಕ. ಹೊಸ ಸೆಟ್ಟಾ?"

"ಯಾವ ಫೋಟೋ ಕಣೇ?"

"ಕೆಳಗಡೆ 'ನನ್ನ ಬಿಸಿಲು ಕಿತ್ಕೋಬೇಡಿ, ಏಳು ಮಹಡಿ ಬೇಡ' ಅಂತ ಬರ್ದು ಚೀಟಿ ಅಚ್ಚು ಹಾಕ್ಸಿದಾರಲ್ಲ, ಅದು. ಬೀದಿಯ ಎಲ್ಲಾ ಟಪಾಲು ಡಬ್ಬಕ್ಕೂ ಹಾಕಿದಾರಂತೆ. ಚರ್ಚಲ್ಲಿ ಎಲ್ಲರ ಕೈಲೂ ಇದೆ."

"ಅಯ್ಯೋ, ನಾನು ಹಂಗೆ ಹೇಳೇ ಇಲ್ಲ. ಮನೆಗೆ ಬಂದಿದ್ಲು, ಬರೀ ಹೂಂ ಅಂದೆ."

"ನನ್ನ ಮನೇಲಿ ಕೂತಿರೋಳಿಗೆ ನೀನು ಹೂಂ ಅಂದೆ. ಇನ್ನೇನು ಹೇಳ್ಬೇಕಿತ್ತು? ನಾನು ಕಾರು ಪಕ್ಕ ಮಲ್ಕೊಂಡೇ ಸಾಯ್ತೀನಿ ಬಿಡು. ನಿನ್ನ ಬಿಸಿಲು ನಿನಗಿರ್ಲಿ."

ಫೋನ್ ಕುಕ್ಕಿದ ಸದ್ದು ಕಿವಿಯಲ್ಲೇ ಉಳಿಯಿತು. ಆ ಭಾನುವಾರ ಚರ್ಚಿನಲ್ಲಿ ಪಲೇಪಾ ಕೂತ ಬೆಂಚಿನ ಹೆಂಗಸರು ಒಬ್ಬೊಬ್ಬರಾಗಿ ಆಚೆ ಸರಿದರು. ಮಲೇಯಾ ಮುಂದಿನ ಸಾಲಿನಲ್ಲಿ ಕೂತು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ಇಂಥ ಅವಮಾನ ಆಗಬಹುದೆಂದು ಪಲೇಪಾ ಎಣಿಸಿರಲಿಲ್ಲ. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟು ಹೆಚ್ಚು ಹೊತ್ತು ಉಳಿಯಿತು.

ಮನೆಗೂ ಹೋಗದೆ ಚರ್ಚಿನ ಬಿಳಿ ಟೋಪಿ ಹಾಕಿಕೊಂಡೇ ಹಿಲರಿಯ ಬಾಗಿಲು ತಟ್ಟಿದಳು.

"ನಾನು ಏಳು ಮಹಡಿ ಬೇಡ ಅಂತ ಯಾವಾಗ ಹೇಳ್ದೆ?"

ಹಿಲರಿ ಪೆಚ್ಚಾದಳು. "ನೀವು ಹೂಂ ಅಂದ್ರಲ್ಲ... ಪಲೇಪಾ, ದಯವಿಟ್ಟು ತಪ್ಪು ತಿಳ್ಕೋಬೇಡಿ. ನಾವು ಉಳಿಸ್ಕೋಬೇಕು ಅಂತಿರೋದೇ ನಿಮ್ಮಂಥವರನ್ನ. ನಿಮ್ಮ ಹಾಡು, ನಿಮ್ಮ ಅಡುಗೆ, ಈ ಬೀದಿಯ ಕ್ಯಾರೆಕ್ಟರ್ ಅಂದ್ರೇನೇ ನೀವು!"

"ಹೌದಾ? ಮೊಮ್ಮಗಳ ಹುಟ್ಟಿದಹಬ್ಬಕ್ಕೆ ಹಿತ್ತಲಲ್ಲಿ ಕಲ್ಲು ಕಾಯಿಸಿ ಉಮು ಹಾಕಿ ಅಡುಗೆ ಮಾಡಿದ್ನಲ್ಲ, ಫೈರ್ ಇಂಜಿನ್ ಕರ್ಸಿದ್ದು ಯಾರು?"

"ಅದು... ತುಂಬಾ ಹೊಗೆ ಇತ್ತು. ನನ್ನ ಹಾಸಿಗೆ ಬಟ್ಟೆ ಒಣಗಿಹಾಕಿದ್ದೆ."

"ಚರ್ಚಿನ ಹಾಡು ಜಾಸ್ತಿ ಆಯ್ತು ಅಂತ ದೂರು ಕೊಟ್ಟಿದ್ದು? ಆಗ ನಾವು ಗಲಾಟೆ ಆಗಿದ್ವಿ. ಈಗ ಕ್ಯಾರೆಕ್ಟರ್ ಆದ್ವಾ? ಇದ್ದವರನ್ನೆಲ್ಲ ಖಾಲಿ ಮಾಡ್ಸಿ, ಉಳಿದ ಒಬ್ಬಳನ್ನ ಕಾಗದದ ಮೇಲೆ ಅಚ್ಚು ಹಾಕಿಸ್ಕೊಂಡು ಕ್ಯಾರೆಕ್ಟರ್ ಅಂತೀರಾ?"

ಹಿಲರಿಯ ಮುಖ ಕೆಂಪಾಯಿತು. ಪಾಪ, ಅವಳು ಕೆಟ್ಟವಳೇನಲ್ಲ. ಪಲೇಪಾಳ ಮೊಣಕಾಲಿನ ಆಪರೇಷನ್ ಆದಾಗ ಮನೆಗೆ ಸೂಪು ತಂದುಕೊಟ್ಟವಳು. ಆದರೆ ಸೂಪಿನ ಋಣಕ್ಕೆ ತಂಗಿಯನ್ನು ಬಿಟ್ಟುಕೊಡಲಾಗುತ್ತದೆಯೇ? ಮರುದಿನವೇ ಪಲೇಪಾ, ಎತ್ತರದ ಅನುಮತಿಗಾಗಿ ನಗರಸಭೆ ನಡೆಸುವ ವಿಚಾರಣೆಯಲ್ಲಿ ಮಾತಾಡುವವರ ಪೈಕಿ ತನ್ನ ಹೆಸರು ಬರೆಸಿ ಬಂದಳು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಒಂದು ಕಡೆ ಬಿಳಿ ಟೋಪಿಗಳ ಚರ್ಚಿನವರು, ಇನ್ನೊಂದು ಕಡೆ ಹಿಲರಿಯ ಕಡೆಯವರು. ಎದುರಿಗೆ ಮೂರು ಜನ ಸದಸ್ಯರು, ನಡುವೆ ಗಡ್ಡದ ಅಧ್ಯಕ್ಷರು. ಒಬ್ಬೊಬ್ಬರಿಗೆ ಐದು ನಿಮಿಷ, ಆಮೇಲೆ ಗಂಟೆ. ಹಿಲರಿಯ ಕಡೆಯ ವಕೀಲರು ಪರದೆಯ ಮೇಲೆ ಪಲೇಪಾಳ ಮನೆಯ ಚಿತ್ರ ಹಾಕಿ, ಚಳಿಗಾಲದಲ್ಲಿ ಅದರ ಮೇಲೆ ಕಪ್ಪು ನೆರಳು ಹೇಗೆ ಹರಡುತ್ತದೆಂದು ತೋರಿಸಿದರು. "ಪಾಪದ ಮುದುಕಿ" ಎನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳಿದರು. ಕೂತಲ್ಲೇ ಪಲೇಪಾಳ ಮೈ ಉರಿಯಿತು.

ಅವಳ ಸರದಿ ಬಂತು. ತನ್ನ ಭಾಷೆಯಲ್ಲೇ ಮಾತಾಡುತ್ತೇನೆ ಎಂದಳು. ಪಕ್ಕದಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಹೆಂಗಸೊಬ್ಬಳು ನಿಂತಳು.

ಸಭೆಯಲ್ಲಿ ಎದ್ದು ನಿಂತ ಮೇಲೆ ಯಾರ್ಯಾರಿಗೆ ಎಷ್ಟೆಷ್ಟು ಗೌರವ ಸಲ್ಲಬೇಕೋ ಅಷ್ಟನ್ನು ಸಲ್ಲಿಸದೆ ವಿಷಯಕ್ಕೆ ಹಾರುವುದು ಎಲೆ ಹಾಕದೆ ಊಟ ಬಡಿಸಿದ ಹಾಗೆ. ಪಲೇಪಾ ದೇವರಿಂದ ಶುರುಮಾಡಿದಳು. ಈ ನೆಲದ ಮೂಲದವರಾದ ಮಾವೊರಿಗಳಿಗೆ ವಂದಿಸಿದಳು. ಅಧ್ಯಕ್ಷರ ಘನತೆಗೆ, ಅವರ ತಂದೆತಾಯಿಗಳಿಗೆ, ಅವರು ಹುಟ್ಟಿದ ಊರಿಗೆ, ಅದು ಯಾವ ಊರೇ ಆಗಿರಲಿ, ವಂದಿಸಿದಳು. ಅಕ್ಕಪಕ್ಕದ ಸದಸ್ಯರನ್ನು ಬಿಡಲಿಲ್ಲ. ಪಾದ್ರಿಗಳನ್ನು, ವಕೀಲರನ್ನು, ಕೊನೆಗೆ ಹಿಲರಿಯ ಮನೆತನವನ್ನೂ ಹೊಗಳಿದಳು. ಪ್ರತಿಯೊಂದನ್ನೂ ಪಕ್ಕದವಳು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು. ಅಧ್ಯಕ್ಷರು ಗಡ್ಡ ಕೆರೆದುಕೊಂಡರು. ಗಂಟೆ ಹೊಡೆಯಿತು.

"ಸಮಯ ಮುಗೀತಮ್ಮ. ತುಂಬಾ ಧನ್ಯವಾದ."

"ಮುಗಿದಿದ್ದು ನಮಸ್ಕಾರ. ಮಾತು ಇನ್ನು ಶುರುವಾಗ್ಬೇಕು."

"ನಿಯಮ ಎಲ್ಲರಿಗೂ ಒಂದೇ ಅಲ್ವಾ? ದಯವಿಟ್ಟು ಕೂತ್ಕೊಳ್ಳಿ."

"ಕೂರಲ್ಲ."

ಹಿಲರಿಯ ಕಡೆ ಯಾರೋ ಕಿಸಕ್ಕೆಂದರು. ಪಲೇಪಾ ಮೇಜಿನ ಅಂಚು ಹಿಡಿದುಕೊಂಡಳು. ಆಗ ಹಿಂದಿನಿಂದ ಒಂದು ಧ್ವನಿ ಬಂತು, ಇಂಗ್ಲಿಷಿನಲ್ಲಿ, ಜೋರಾಗಿ.

"ಸ್ವಾಮಿ, ಮುಂದಿನ ಸರದಿ ನಂದು, ಮಲೇಯಾ ಅಂತ. ನನ್ನ ಐದು ನಿಮಿಷ ಅವಳಿಗೇ ಕೊಡಿ. ಅವಳು ಚಿಕ್ಕಂದಿನಿಂದ್ಲೂ ಹಿಂಗೇ, ಪೀಠಿಕೆ ಉದ್ದ."

ಚರ್ಚಿನ ಕಡೆಯವರೆಲ್ಲ ನಕ್ಕರು. ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿ, ಆಗಲಿ ಎಂದು ತಲೆಯಾಡಿಸಿದರು. ಪಲೇಪಾ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತಿದ್ದಳು.

"ಆ ಮನೆ ನಂದು," ಎಂದು ಪರದೆಯ ಕಡೆ ಬೆರಳು ಮಾಡಿದಳು. "ಕಪ್ಪಗೆ ಬಳ್ದಿದೀರಲ್ಲ, ಅದು. ಅದರ ಬಗ್ಗೆ ಇಲ್ಲಿ ಎಲ್ಲರೂ ಮಾತಾಡಿದ್ರು, ನನ್ನನ್ನ ಒಬ್ಬರೂ ಕೇಳ್ಲಿಲ್ಲ. ನೆರಳು ಬೀಳುತ್ತಾ? ಬೀಳುತ್ತೆ. ಬೀಳ್ಲಿ. ಬಿಸಿಲು ಬೇಕಾದ್ರೆ ನಾನು ಮೇಲೆ ಹೋಗಿ ತಂಗಿ ಮನೇಲಿ ಕೂರ್ತೀನಿ. ಇಷ್ಟು ವರ್ಷ ಆ ಹಿತ್ತಲಲ್ಲಿ ಒಬ್ಬಳೇ ಬಿಸಿಲು ಕಾಯಿಸಿದೀನಿ, ಸಾಕಾಗಿದೆ ನನಗೆ. ಕ್ಯಾರೆಕ್ಟರ್ ಕ್ಯಾರೆಕ್ಟರ್ ಅಂತೀರಿ. ಮನೆಗಳಿವೆ, ಹಂಗೇ ಇವೆ, ಬಣ್ಣ ಇನ್ನೂ ಚೆನ್ನಾಗಿದೆ. ಜನ ಎಲ್ಲಿ? ಮೂರು ಮಹಡಿ ಅನ್ನೋ ಗೆರೆ ಎಳೆಯೋವಾಗ ನಮ್ಮನ್ನ ಕೇಳಿದ್ರಾ? ನಾವು ಹೋಗೋವಾಗ ಯಾರಾದ್ರೂ ಹಿಂಗೆ ಸಭೆ ಕರೆದಿದ್ರಾ? ನನ್ನ ಮುಖ ಹಾಕ್ಕೊಂಡು ನನ್ನ ತಂಗೀನ ತಡೀತೀರಾ? ಆ ಮುಖ ವಾಪಸ್ ಕೊಡಿ."

"ಅಮ್ಮ," ಎಂದರು ಅಧ್ಯಕ್ಷರು, "ನಾವಿಲ್ಲಿ ನೋಡ್ಬೇಕಾಗಿರೋದು ಎತ್ತರ ಮಾತ್ರ."

"ನಾನೂ ಅದನ್ನೇ ಹೇಳ್ತಿರೋದು. ಎತ್ತರ ಏಳು."

ಹೊರಗೆ ಬಂದಾಗ ಮಲೇಯಾ ಅವಳ ತೋಳಿಗೊಂದು ಗುದ್ದು ಕೊಟ್ಟಳು. "ಅವರ ನಾಯೀನೂ ಹೊಗಳ್ತೀಯ ಅಂದ್ಕೊಂಡಿದ್ದೆ," ಅಂದಳು. ಅಷ್ಟಕ್ಕೇ ಇಬ್ಬರಿಗೂ ರಾಜಿಯಾಯಿತು.

ತೀರ್ಪು ಬಂದದ್ದು ತಿಂಗಳು ಕಳೆದು. ಅನುಮತಿ ಕೊಟ್ಟಿದ್ದರು, ಐದು ಮಹಡಿಗೆ. ಎರಡು ಕಡೆಯವರಿಗೂ ಬೇಸರವಾಗದಿರಲೆಂದು ಮೇಲಿನ ಎರಡನ್ನು ಕತ್ತರಿಸಿದ್ದರು. ಚರ್ಚಿನ ಹಿರಿಯರು ಗೆದ್ದೆವೆಂದು ಹಿಗ್ಗಿದರು. ಮೂರರ ಬೀದಿಯಲ್ಲಿ ಐದು ಸಿಕ್ಕಿತಲ್ಲ! ಫ್ಲಾಟುಗಳು ಕಡಿಮೆಯಾದ್ದರಿಂದ, ಮಲಗಲು ಮಕ್ಕಳ ಮನೆಯಾದರೂ ಇರುವವರ ಹೆಸರನ್ನು ಸದ್ಯಕ್ಕೆ ಬಿಡೋಣ ಎಂದು ಅವರೇ ತೀರ್ಮಾನಿಸಿದರು. ಗ್ಯಾರೇಜೂ ಮಗನ ಮನೆಯ ಲೆಕ್ಕಕ್ಕೆ ಸೇರಿತು.

ಆ ಭಾನುವಾರ ಪಾದ್ರಿ ಏಲಿಯಾ ಅವರು ಕೃತಜ್ಞತೆಯ ಪ್ರಾರ್ಥನೆಗೆ ಕೈ ಎತ್ತಿದರು. ಮಲೇಯಾ ಅಕ್ಕನ ಪಕ್ಕ ಕೂತು ತಲೆ ತಗ್ಗಿಸಿದ್ದಳು. ಪಲೇಪಾ ಏಳುವುದನ್ನು ಕಂಡು ಅವಳ ಉಡುಪು ಹಿಡಿದೆಳೆದಳು.

"ಬೇಡ ಅಕ್ಕ, ಅಯ್ಯನೋರ ಮುಂದೆ. ನನಗೆ ಗ್ಯಾರೇಜು ರೂಢಿಯಾಗಿದೆ. ಬಿಡು."

ಅಧ್ಯಕ್ಷರೆದುರು ನಿಲ್ಲುವುದು ಒಂದು, ಪಾದ್ರಿಗಳೆದುರು ನಿಲ್ಲುವುದು ಇನ್ನೊಂದು. ಅವರು ಪ್ರಾರ್ಥಿಸುವಾಗ ಕೆಮ್ಮುವುದಕ್ಕೂ ಜನ ಹೆದರುತ್ತಿದ್ದರು. ಪಲೇಪಾ ಎದ್ದು ನಿಂತಳು. ಈ ಸಲ ಯಾರಿಗೂ ವಂದಿಸಲಿಲ್ಲ.

"ಅಯ್ಯನೋರೇ, ನಿಲ್ಸಿ. ನಾನು ಇದಕ್ಕೆ ಆಮೆನ್ ಅನ್ನಲ್ಲ."

ಪಲೇಪಾ ಪಕ್ಕದಲ್ಲಿದ್ದ ತಂಗಿಯ ಕಡೆ ಕೈ ತೋರಿದಳು.

"ಅವರು ಕತ್ತರಿಸಿದ್ದು ಮಹಡಿ ಅಂದ್ಕೊಂಡ್ರಾ? ಕತ್ತರಿಸಿದ್ದು ಇವಳನ್ನ. ಹಿಂದೆ ಕೂತಿರೋ ಟೆಲೆಸಿಯಾನ. ಅವಳ ಪಕ್ಕದವಳನ್ನ. ಮೊದಲು ಬಾಡಿಗೆಯವರು ಅಂತ ಕಳಿಸಿದ್ರು, ಈಗ ಗ್ಯಾರೇಜ್ ಇದೆ ಅಂತ ನಾವೇ ಕಳಿಸ್ತಿದೀವಿ. ಮೇಲಿನ ಕೋರ್ಟಿಗೆ ಹೋಗೋಕೆ ಇನ್ನೂ ದಿನ ಇದೆ. ನೀವು ಹೋಗ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ. ಏಳು ಕೊಡೋವರೆಗೂ ನನ್ನ ಬಾಯಲ್ಲಿ ಆ ಮಾತು ಬರಲ್ಲ."

ಪಾದ್ರಿಗಳು ಅವಳನ್ನು ನೋಡಿದರು. ಆಮೇಲೆ ಮಲೇಯಾಳನ್ನು ನೋಡಿದರು. ಅವಳು ಅಕ್ಕನ ಉಡುಪನ್ನು ಇನ್ನೂ ಹಿಡಿದೇ ಇದ್ದಳು, ಎಳೆಯುವುದನ್ನು ಮಾತ್ರ ನಿಲ್ಲಿಸಿದ್ದಳು. ಹಿಂದಿನ ಸಾಲಿನಿಂದ ಟೆಲೆಸಿಯಾ ಎದ್ದು ನಿಂತಳು. ಅವಳ ಪಕ್ಕದವಳೂ ಎದ್ದಳು.

ಪಾದ್ರಿ ಏಲಿಯಾ ಎತ್ತಿದ್ದ ಕೈಗಳನ್ನು ಮೆಲ್ಲಗೆ ಇಳಿಸಿದರು.

"ಇವತ್ತು ಇಲ್ಲಿಗೇ ಬಿಡೋಣ," ಅಂದರು. "ಮೇಲ್ಮನವಿ ಹಾಕಿ ಬಂದು ಪ್ರಾರ್ಥನೆ ಮುಗ್ಸೋಣ."

ಆ ಭಾನುವಾರ ಚರ್ಚಿನಲ್ಲಿ ಯಾರೂ ಆಮೆನ್ ಅನ್ನಲಿಲ್ಲ.