ಹಲಗೆಯ ಕೆಳಗಿನ ಅಕ್ಕಿ

ಪೇಚ್ಚಿಯಕ್ಕನ ಮನೆಗೆ ಹಗಲೆಲ್ಲ ಹೊರಗಿನಿಂದ ಬೀಗ. ಮಗ ಸುಡಲೈ ಬಸ್ಸು ಓಡಿಸಲು, ಸೊಸೆ ಬೆಂಕಿಪೊಟ್ಟಣದ ಕಾರ್ಖಾನೆಗೆ ಹೊರಟರೆ ಸಂಜೆಯವರೆಗೂ ಅವಳು ಒಳಗೇ. ಹಿಂದೊಮ್ಮೆ ತೀರಿಹೋದ ಗಂಡನನ್ನು ಹುಡುಕುತ್ತ ಹೆದ್ದಾರಿಯವರೆಗೆ ಹೋಗಿಬಿಟ್ಟಿದ್ದಳು. ಲಾರಿಗೆ ಸಿಕ್ಕದೆ ಉಳಿದದ್ದೇ ಹೆಚ್ಚು. ಸುಡಲೈ ಕೆಟ್ಟವನಲ್ಲ, ಹೆದರಿದವನು.

ಅವಳ ಕಿಟಕಿಯ ಬುಡದಲ್ಲಿ ಮೊರ ಇಟ್ಟುಕೊಂಡು ಪಕ್ಕದ ಮನೆಯ ನಾನು ಬೀಡಿ ಸುತ್ತುತ್ತೇನೆ. ಅವಳು ಸರಳಿನ ಸಂದಿಯಿಂದ ಕೈ ಚಾಚಿ ದಾರ ಕಟ್ಟಿಕೊಡುತ್ತಾಳೆ. ತಲೆ ದಾರಿ ತಪ್ಪಿದರೂ ಬೆರಳು ತಪ್ಪುವುದಿಲ್ಲ.

ಮಧ್ಯಾಹ್ನದ ಅಕ್ಕಿ ಆರಿಸುವುದೂ ಅಲ್ಲೇ. ಒಲೆಗಿಡುವ ಮೊದಲು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುತ್ತೇನೆ. ನಮ್ಮ ಚರ್ಚಿನ ಹೆಂಗಸರೆಲ್ಲ ಹಾಗೇ. ಭಾನುವಾರ ಅದು ಇಲ್ಲದವರ ಮನೆ ಸೇರುತ್ತದೆ. ನಿನ್ನ ಸಾಮಿಗೆ ಹಸಿ ಅಕ್ಕಿ ಜಗಿಯೋಕೆ ಹಲ್ಲು ಗಟ್ಟಿ ಇರಬೇಕು ಬಿಡು ಎಂದು ಪೇಚ್ಚಿಯಕ್ಕ ಚುಡಾಯಿಸುತ್ತಿದ್ದಳು.

ಇಷ್ಟು ವರ್ಷ ಪಕ್ಕದಲ್ಲಿ ಕೂತು ಅವಳಿಗೆ ಬೈಬಲ್ಲಿನ ಒಂದು ವಚನವನ್ನಾದರೂ ಹೇಳಿದೆಯಾ ಎಂದು ಚರ್ಚಿನ ಹೆಂಗಸರ ಸಂಘದವರು ನನ್ನನ್ನು ಕೇಳುತ್ತಿದ್ದರು. ಬೇಡವೆಂದರೂ ಎದ್ದುಹೋಗಲಾರದವಳಿಗೆ ಬೋಧನೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಅವಳೇ ಕೇಳಲಿ ಎಂದು ಕಾದೆ. ಒಂದು ದಿನ ಕೇಳಿದಳು:

"ಬೀಗ ಹಾಕಿದ ಕಡೆಗೆ ನಿನ್ನ ಸಾಮಿ ಬರ್ತಾನೇನೇ, ಜೆಬಮಣಿ?"

"ಬರ್ತಾನೆ ಅಕ್ಕ."

ಅಷ್ಟು ಕೇಳಿ ಅವಳು ಮತ್ತೆ ದಾರಕ್ಕೆ ಕೈ ಚಾಚಿದಳು.

ಆ ವಾರವೇ ಸುಡಲೈಗೆ ತಾಯಿಯ ಮಂಚದ ಕೆಳಗೆ ಹಳೆಯ ಡಬ್ಬಿಯೊಂದು ಸಿಕ್ಕಿತು. ತುಂಬ ಅಕ್ಕಿ. ನನಗೆ ಅದರ ಸುಳಿವೇ ಇರಲಿಲ್ಲ. ನನ್ನ ಮನೆ ಅಕ್ಕಿ ನಿಮ್ಮ ಚರ್ಚಿಗಾ ಚಿಕ್ಕಮ್ಮ, ಬುದ್ಧಿ ನೆಟ್ಟಗಿಲ್ಲದವಳನ್ನೂ ಬಿಡಲಿಲ್ಲವಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಗೆ ಹಲಗೆ ಹೊಡೆಯತೊಡಗಿದ್ದ.

ಇನ್ನು ಅವಳಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ನಾನು ಅಲ್ಲೇ ಕೂತೆ. ಒಳಗಿನಿಂದ ಅವಳು ಹಲಗೆ ತಟ್ಟಿದರೆ ಹೊರಗಿನಿಂದ ಕತ್ತರಿಯ ಹಿಡಿಯಲ್ಲಿ ನಾನೂ ತಟ್ಟುತ್ತಿದ್ದೆ. ಅವಳ ಏದುಸಿರು ಮರದ ಆಚೆಯಿಂದ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಹಲಗೆಯ ಕೆಳಗಿನ ಸಂದಿಯಿಂದ ಅಕ್ಕಿಕಾಳು ಉದುರತೊಡಗಿತು. ಒಂದೊಂದೇ, ಬೆರಳಲ್ಲಿ ತಳ್ಳಿದ್ದು. ತೆಗೆದುಕೊಂಡರೆ ಸುಡಲೈ ಅಂದದ್ದು ನಿಜವಾಗುತ್ತದೆ. ಹಿಂದಕ್ಕೆ ತಳ್ಳಿದರೆ ಆ ಬೆರಳಿಗೆ ಏನೆಂದು ಹೇಳಲಿ? ಎಲ್ಲ ಬಳಿದು ಸೆರಗಿಗೆ ಕಟ್ಟಿಕೊಂಡೆ. ಸಂಜೆ ಅವನು ಬಂದು ಬೀಗ ತೆಗೆಯುವಾಗ ಅವನೆದುರೇ ಗಂಟು ಬಿಚ್ಚಿದೆ.

"ನಿನ್ನ ಮನೇದು ಮಗ. ಒಳಗಿಂದ ಬಂತು. ಯಾರಿಗೆ ಅಂತ ನಿಮ್ಮಮ್ಮನ್ನೇ ಕೇಳು."

ಅವನು ಕೇಳಿದ. ಪೇಚ್ಚಿಯಕ್ಕ ಮಗನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ಇವಳಿಗೇ ಕಣೋ. ದಿನಾ ಒಂದು ಹಿಡಿ ಬೇರೆಯವರಿಗೆ ಎತ್ತಿಡ್ತಾಳೆ. ಇವಳ ಹೊಟ್ಟೆಗೆ ಸಾಲುತ್ತಾ? ಅದಕ್ಕೆ ಇವಳಿಗೆ ಅಂತ ನಾನೊಂದು ಹಿಡಿ ಎತ್ತಿಟ್ಟೆ."

ಸುಡಲೈ ಸುತ್ತಿಗೆ ತಂದು ಮೊಳೆ ಕಿತ್ತ. ನನ್ನ ಮುಖ ನೋಡದೆ ಹೇಳಿದ:

"ಏನಾದ್ರೂ ಹೇಳೋದಿದ್ರೆ ನಾನಿರುವಾಗ ಹೇಳಿ ಚಿಕ್ಕಮ್ಮ."

ನಾನು ಬಾಯಿ ತೆರೆಯುವ ಮೊದಲೇ ಪೇಚ್ಚಿಯಕ್ಕ ಕೇಳಿದಳು. "ಬೀಗ ಹಾಕಿದ ಕಡೆಗೂ ಬರ್ತಾನೆ ಅಂದ್ಯಲ್ಲ. ಬಂದು ಏನು ಮಾಡ್ತಾನೆ?"

ಸಾಮಿಯನ್ನು ಶಿಲುಬೆಗೆ ಹೊಡೆದು ಕೊಂದ ಮೇಲೆ ಅವನ ಜೊತೆಯವರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು, ಸತ್ತವನು ಎದ್ದು ಬಂದು ಅವರ ನಡುವೆ ನಿಂತ, ನಿಮಗೆ ಸಮಾಧಾನವಾಗಲಿ ಅಂದ, ಗಾಯದ ಕೈ ತೋರಿಸಿದ ಎಂದು ಹೇಳಿದೆ. ಸುಡಲೈ ಹೊಸಿಲಲ್ಲಿ ಕೂತು ಕೇಳಿದ, ಬೀಗದ ಕೈ ಮುಷ್ಟಿಯಲ್ಲೇ ಇತ್ತು.

"ಬಾಗಿಲು ತೆಗೀಲಿಲ್ವಾ?" ಪೇಚ್ಚಿಯಕ್ಕನ ಪ್ರಶ್ನೆ.

"ಮೊದಲು ಜೊತೆಗೆ ನಿಂತ, ಅಕ್ಕ."

ಮರುದಿನ ಬೆಳಿಗ್ಗೆ ಸುಡಲೈ ಎಂದಿನಂತೆ ಬೀಗ ಹಾಕಿ ಎಳೆದು ನೋಡಿದ. ಅವನು ಬೀದಿಯ ತಿರುವು ದಾಟುವ ಮೊದಲೇ ಸರಳಿನ ನಡುವಿನಿಂದ ಅವಳ ಕೈ ಹೊರಗೆ ಬಂತು. ದಾರ ಕೊಟ್ಟೆ.