ಗದಿಗೆವ್ವನ ಕೊಡಕ್ಕೊಂದು ಹೊಂಡ

ಬ್ಯಾಡಗಿಯ ಅಂಚಿನ ನನ್ನ ಹೊಸ ಬಡಾವಣೆಯಲ್ಲಿ ನಾನು ಕಟ್ಟಿಸಿದ ಮಣ್ಣಿನ ಇಟ್ಟಿಗೆಯ ಮೊದಲ ಮನೆ ಎಷ್ಟು ತಂಪೆಂದರೆ, ಏಪ್ರಿಲ್‌ನಲ್ಲೂ ಗೋಡೆಯ ಹಲ್ಲಿಗೆ ನೆಗಡಿ. ಭೂಮಿಯ ಮೇಲೆ ಇಂಥ ಇನ್ನೊಂದು ಮನೆ ಇದ್ದರೆ ಅದನ್ನೂ ನಾನೇ ಕಟ್ಟಿಸಿ ಮರೆತಿರಬೇಕು. ನಕ್ಷೆ ಬರೆದವಳು ರಾಣೆಬೆನ್ನೂರಿನ ಇಂಜಿನಿಯರ್ ಶ್ರೀದೇವಿ. ಆದರೆ ಪೆನ್ಸಿಲ್ ಕೊಟ್ಟವನು ನಾನು.

ಅವಳು ಹೇಳಿದ್ದು ಒಂದೇ ಮಾತು: "ರುದ್ರಮುನಿಯವ್ರ, ಮೂಲ್ಯಾಗಿನ ಹೊಂಡ ಮುಟ್ಟಬ್ಯಾಡ್ರಿ."

ನಾನು ಮುಟ್ಟಲಿಲ್ಲ. ಸಾವಿರ ಟ್ರ್ಯಾಕ್ಟರ್ ಮಣ್ಣು ಮುಟ್ಟಿತು. ನಲವತ್ತಿದ್ದರೂ ಇರಬಹುದು. ಜೊಂಡುಹುಲ್ಲು ನಿಂತಿದ್ದ ಜಾಗದಲ್ಲಿ ಮೂರು ಸೈಟು ಎದ್ದವು.

೨೦೦೬ರ ಜೂನ್. ಆ ಮೊದಲ ಮನೆ ಕೊಂಡ ಗದಿಗೆವ್ವ, ಮೆಣಸಿನಕಾಯಿ ವ್ಯಾಪಾರದ ಮನೆತನದ ಹಿರಿಯಳು, ಐವರು ಮುತ್ತೈದೆಯರೊಂದಿಗೆ ತಾಮ್ರದ ಕೊಡ ಹಿಡಿದು ಗೃಹಪ್ರವೇಶಕ್ಕೆ ಬಂದಳು. ಗಂಗೆಯನ್ನು ಪೂಜಿಸಿ, ಆ ನೀರು ಹೊತ್ತೇ ಒಳಗೆ ಕಾಲಿಡಬೇಕು. ಹಿಂದೆ ಸೈಟು ನೋಡಲು ಬಂದ ಹದಿನೆಂಟು ಮಂದಿ.

"ಹೊಂಡ ಎಲ್ಲೈತೋ ತಮ್ಮಾ?"

"ನಳ ಐತ್ರೀ ಅವ್ವಾರ! ತಿರುವಿದ್ರ ತುಂಗಭದ್ರಾನ ಬರ್ತಾಳ."

"ನಳದ ಮೂತಿಗೆ ಕುಂಕುಮ ಹಚ್ಚಲೇನು? ಗಂಗವ್ವನ್ನ ಹುಗದು ಮನಿ ಮಾರಾಕತ್ತೀಯಲ್ಲೋ! ಹತ್ತು ದಿನಕ್ಕ ಇನ್ನೊಂದು ಮುಹೂರ್ತ ಐತಿ, ಆಮ್ಯಾಲೆ ಆಷಾಢ. ಹೊಂಡ ತಂದ್ರ ಬರ್ತೇನಿ. ಇಲ್ಲಾಂದ್ರ ನಿನ್ನ ಮನ್ಯಾಗ ನೀನ ಇರು."

ಹದಿನೆಂಟು ಮಂದಿಯೂ ಸ್ಕೂಟರ್ ತಿರುಗಿಸಿದರು. ಅವಳು ಬರದಿದ್ದರೆ ನನ್ನ ಬಡಾವಣೆಗೆ ಆ ಹಲ್ಲಿಯೊಂದೇ ಗತಿ.

ಹೊಂಡವನ್ನು ನಾನೊಬ್ಬನೇ ಬರಿಗೈಯಲ್ಲಿ ತೋಡಿದೆ. ಪಕ್ಕದಲ್ಲಿ ಒಂದು ಜೆಸಿಬಿಯೂ ಇತ್ತೆನ್ನಿ. ಶ್ರೀದೇವಿ ದಂಡೆಯ ಮೇಲೆ ನಿಂತು ಬೈದಳು: "ಸಿಮೆಂಟ್ ಬ್ಯಾಡ್ರಿ! ಮಳಿನೀರು ಬರೋ ಕಾಲುವಿನೂ ಮುಚ್ಚೀರಿ, ಮೊದಲ ಅದನ್ನ ಬಿಡಸ್ರಿ. ಅಂಚಿಗೆ ಜೊಂಡಿನ ಬೇರು ಅದಾವು, ತಾವ ಚಿಗೀತಾವು."

ತೆಗೆದ ಮಣ್ಣು ಮುಂದಿನ ಮನೆಗಳ ಇಟ್ಟಿಗೆಯಾಯಿತು. ಮೂರು ಸೈಟು ನಕ್ಷೆಯಿಂದ ಅಳಿಸಿಹೋದವು, ರಬ್ಬರೂ ನನ್ನದೇ.

ತೋಡಿದ ಮೇಲೂ ಹೊಂಡ ಒಣಬಾಯಿ ತೆರೆದು ಕೂತಿತ್ತು. ಒಂಬತ್ತನೆಯ ದಿನ ಸಂಜೆ ನಾನು ಆಕಾಶಕ್ಕೆ ಒಮ್ಮೆ ಗದರಿದೆ. ಮಿರಗದ ಮಳೆ ಹೆದರಿ ಸುರಿದುಬಿಟ್ಟಿತು. ಬೆಳಗ್ಗೆ ಮೊಣಕಾಲುದ್ದ ನೀರು, ಇನ್ನೂರು ಬೆಳ್ಳಕ್ಕಿ. ಶ್ರೀದೇವಿ ಎಣಿಸಿದಾಗ ಎರಡೇ ಇದ್ದವು. ಉಳಿದವು ನಾಷ್ಟಾಕ್ಕೆ ಹೋಗಿದ್ದವು.

ಮುಹೂರ್ತಕ್ಕೆ ಬಂದ ಗದಿಗೆವ್ವ ಪೂಜೆ ಮುಗಿಸಿ ಕೊಡ ತುಂಬಿದಳು. ಹೊಸ್ತಿಲಿಗೆ ಬರುವಷ್ಟರಲ್ಲಿ ಕೊಡದೊಳಗಿಂದ 'ವಟರ್' ಎಂದಿತು. ಪುಟ್ಟ ಕಪ್ಪೆ! ಎಲ್ಲರೂ ನಿಂತರು. ನಾನು ಕೊಡದ ಪಕ್ಕಕ್ಕೆ ಓಡಿದೆ.

"ಅವ್ವಾರ, ಅದನ್ನ ನಾನ ಕರಿಸೇನ್ರಿ, ಭಾಳ ಶುಭ..."

"ಸುಮ್ನಿರೋ ಮಾರಾಯಾ," ಎಂದು ಗದಿಗೆವ್ವ ಬಲಗಾಲು ಒಳಗಿಟ್ಟಳು. "ನಿನಗಿಂತ ಕಡಿಮಿ ಒದರ್ತೈತಿ. ಇರಲಿ ಬಿಡು."