ಅಗಸಿ ಕಟ್ಟೆಯ ಮುಂದೆ

ಊರಬಾಗಿಲಿನ ಅಗಸಿ ಕಟ್ಟೆ ಕಾಣುವ ತಿರುವಿಗೆ ಬರುತ್ತಲೇ ಮಹಾನಂದಾ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದಳು. ಕಟ್ಟೆಯ ಮೇಲೆ ಅವಳ ಮಾವ ನಿಜಗುಣಪ್ಪ ಕೂತಿದ್ದ, ಜೊತೆಗೆ ಸಂಗಪ್ಪ, ಇನ್ನಿಬ್ಬರು ಹಿರಿಯರು. ಸುರೇಬಾನಕ್ಕೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಯಿತು, ಒಂದು ದಿನವೂ ಅವಳು ಆ ಕಟ್ಟೆಯನ್ನು ಚಪ್ಪಲಿ ಮೆಟ್ಟಿ ದಾಟಿದವಳಲ್ಲ. ಹಿರಿಯರೆದುರು ಚಪ್ಪಲಿ ಕೈಗೆ ಬರಬೇಕು. ಹಾಗಂತ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವಂಥ ಮಾತೂ ಅಲ್ಲ ಅದು.

ಈಗ ಅದೇ ಕುತ್ತಿಗೆಗೆ ಬಂದಿತ್ತು. ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗೀ ತಿರುಗೀ ಅವಳ ಎಡ ಅಂಗಾಲು ಕುಸಿದು ಚಪ್ಪಟೆಯಾಗಿತ್ತು. ರಾಮದುರ್ಗದ ಡಾಕ್ಟರು ಪಾದದ ಅಚ್ಚು ತೆಗೆದು, ಅಂಗಾಲನ್ನು ಎತ್ತಿ ಹಿಡಿಯುವ ಆಸರೆ ಮಾಡಿಸಿ ಬೂಟಿನೊಳಗೆ ಕೂರಿಸಿದ್ದರು. "ಆರ ತಿಂಗಳ ಬರಿಗಾಲ ನೆಲಕ್ಕ ತಾಗಬಾರದ ನೋಡ್ರಿ. ನರ ಹರೀತಂದ್ರ ಆಪರೇಷನ್ನ. ಆಮ್ಯಾಲ ಈ ತಿರಗೋ ಕೆಲಸ ಬಿಟ್ಟಂಗನ," ಎಂದಿದ್ದರು. ಮನೆಗಳಲ್ಲಾದರೆ ಹೊಸ್ತಿಲ ಹೊರಗೇ ನಿಂತು ಬಾಣಂತಿಯರನ್ನು ಕರೆಯಬಹುದು. ಆದರೆ ಅವಳ ಮನೆ ಅಗಸಿಯ ಹೊರಗೆ, ಕಟ್ಟೆಯನ್ನು ದಾಟದೆ ಊರೊಳಗೆ ಹೋಗುವುದು ಹೇಗೆ?

ಬೂಟು ಕೈಗೆ ಬಂತು. ನಾಲ್ಕನೆಯ ಹೆಜ್ಜೆಗೇ ಹಿಮ್ಮಡಿಯಿಂದ ಮೀನಖಂಡದವರೆಗೆ ನೋವು ಸರ್ರನೆ ಹತ್ತಿತು. "ಎವ್ವಾ!" ಎಂದು ತಡೆದು ನಿಂತಳು.

"ಇದೇನವಾ, ಬೂಟ ಕಾಲಿಗೆ ತಂದೀಯೋ ಕೈಗೆ ತಂದೀಯೋ?" ಎಂದು ಸಂಗಪ್ಪ ನಕ್ಕ. ಉಳಿದವರೂ ನಕ್ಕರು. ನಿಜಗುಣಪ್ಪ ನಗಲಿಲ್ಲ. ಬಿಚ್ಚದಿದ್ದರೆ ಇದೇ ಬಾಯಿಗಳು ಏನೆನ್ನುತ್ತಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಈ ಕಟ್ಟೆಗಿಷ್ಟು ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಕುಂಟುತ್ತ ದಾಟಿದಳು.

ಸಂಜೆ ಊಟಕ್ಕೆ ಕೂತಾಗ ನಿಜಗುಣಪ್ಪ ತಲೆಯೆತ್ತದೆ ಕೇಳಿದ. "ಡಾಕ್ಟರ ಏನಂದ್ರವಾ?"

"ಬರಿಗಾಲಾಗ ಒಂದ ಹೆಜ್ಜಿನೂ ಇಡಬ್ಯಾಡ ಅಂದಾರ್ರಿ ಮಾವಾರ. ಇಟ್ಟರ ಕೆಲಸ ಹೊಕ್ಕೈತಂತ್ರಿ."

ಅವನು ರೊಟ್ಟಿ ಮುರಿದ. ಹಾಕಿಕೊಂಡೇ ಹೋಗು ಅಂತ ಒಂದು ಮಾತು ಬಂದೀತೆಂದು ಅವಳು ಪಲ್ಯದ ಬೋಗುಣಿ ಹಿಡಿದು ಕಾದಳು. ಬರಲಿಲ್ಲ. ನಲವತ್ತು ವರ್ಷ ಆ ಕಟ್ಟೆಯ ಮೇಲೆ ಕೂತ ಮನುಷ್ಯ, ಅವನ ಬಾಯಿಂದ ಬರುವುದಾದರೂ ಹೇಗೆ? ಅವಳು ಪಲ್ಯ ಬಡಿಸಿದಳು.

ಮರುದಿನ ಮುಂಜಾನೆ ಅದೇ ತಿರುವಿನಲ್ಲಿ ಬಗ್ಗಿದವಳ ಕಿವಿಗೆ ಸಂಗಪ್ಪನ ದನಿ ಬಿತ್ತು.

"ಏನೋ ನಿಜಗುಣಾ, ಗ್ವಾಡಿ ನೋಡ್ಕೊಂತ ಕುಂತಿ?"

"ಈ ಕಡೆ ಗಾಳಿ ಚಲೋ ಐತಿ. ನೀವೂ ತಿರಗ್ರಿ."

"ಗ್ವಾಡ್ಯಾಗ ಎಲ್ಲಿ ಗಾಳೀನೋ ಮಾರಾಯ?"

"ತಿರಗಂದ್ರ ತಿರಗೋ."

ದನಿ ಏರಿರಲಿಲ್ಲ. ಆದರೂ ಸಂಗಪ್ಪ ಗೊಣಗುತ್ತ ಕಾಲು ಮಡಿಸಿ ತಿರುಗಿದ. ಇನ್ನಿಬ್ಬರೂ ಮುಖ ಮುಖ ನೋಡಿಕೊಂಡು ತಿರುಗಿದರು. ದಾರಿಯ ಕಡೆಗೆ ಈಗ ನಾಲ್ಕು ಬೆನ್ನುಗಳಿದ್ದವು.

ಮಹಾನಂದಾಳ ಕಣ್ಣು ತುಂಬಿ ಬಂತು. ಬಿಚ್ಚಲು ಹಿಡಿದ ಲೇಸನ್ನು ಬಿಗಿದು ಕಟ್ಟಿದಳು. ಸದ್ದಾಗಬಾರದೆಂದು ಎಷ್ಟು ಮೆಲ್ಲಗೆ ನಡೆದರೂ ದಾರಿಯ ಖಡಿಕಲ್ಲಿನ ಮೇಲೆ ಬೂಟು ಕರಕರ ಎನ್ನುತ್ತಲೇ ಇತ್ತು. ಮಾವನ ಬೆನ್ನು ಅಲುಗಲಿಲ್ಲ.